ಬಿಸಿಲೆ ಘಾಟಿ ಮತ್ತು ರೇಸಿನ ಏಣಿ

ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಿಂದ ಬಿಸಿಲೆಗೆ ಕಾಡಿನ ನಡುವೆ ಏರುವ ದಾರಿಯನ್ನು ಕಂಡ ಸೈಕಲ್‌ಪ್ರಿಯರು, ಇಂಥ ಘಾಟಿಗಳಿರುವ ನಾಡಿನಲ್ಲಿ ದೊಡ್ಡ ರೇಸುಗಾರರು ಏಕೆ ಹುಟ್ಟಲಿಲ್ಲ ಎಂದು ಕೇಳುವುದುಂಟು. ರೇಸುಗಾರ ಹುಟ್ಟಲು ಬೆಟ್ಟವೇ ಬೇಕಿಲ್ಲ ಎಂಬುದಕ್ಕೆ ಲಿಥುವೇನಿಯಾವೇ ಸಾಕ್ಷಿ. ಆ ದೇಶದ ಅತಿ ಎತ್ತರದ ಗುಡ್ಡ 294 ಮೀಟರ್; ನಮ್ಮ ಸಕಲೇಶಪುರ ಪೇಟೆಯೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದರೂ ಅಲ್ಲಿಯ ಗಿಂಟೌಟಾಸ್ ಉಮಾರಾಸ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡದ ಪರವಾಗಿ ಟ್ರ್ಯಾಕ್‌ನಲ್ಲಿ ಎರಡು ಚಿನ್ನ ಗೆದ್ದರು. 1998, 1999 ಮತ್ತು 2001ರಲ್ಲಿ ಮಹಿಳೆಯರ ವಿಶ್ವ ರೋಡ್ ರೇಸ್ ಪಟ್ಟ ಲಿಥುವೇನಿಯಾದ ಪಾಲಾಯಿತು. 2014ರಲ್ಲಿ ರಾಮೂನಾಸ್ ನವರ್ದೌಸ್ಕಾಸ್ ಟೂರ್ ದ ಫ್ರಾನ್ಸ್‌ನ ಹಂತವೊಂದನ್ನು ಗೆದ್ದ ಮೊದಲ ಲಿಥುವೇನಿಯನ್ ಆದರು. ಅಂದು ಮಳೆಯಲ್ಲಿ 208 ಕಿ.ಮೀ. ದಾರಿ. ಗುರಿ ಇನ್ನೂ 13 ಕಿ.ಮೀ. ಇದ್ದಾಗ ಒಂದು ದಿಬ್ಬದಲ್ಲಿ ಅವರು ಗುಂಪನ್ನು ಬಿಟ್ಟು ಹೊರಟರು. ಮೊದಲೇ ಮುಂದೆ ಹೋಗಿದ್ದ ಜೊತೆಗಾರ ಸ್ಲಾಗ್ಟರ್ ಗಾಳಿಗೆ ಎದೆಕೊಟ್ಟು ಅವರನ್ನು ಎಳೆದುಕೊಟ್ಟರು. ಬೆರ್ಜೆರಾಕ್‌ನಲ್ಲಿ ಗೆಲುವಿನ ಅಂತರ ಕೇವಲ 7 ಸೆಕೆಂಡ್. ಇಂಥ ಗೆಲುವಿಗೆ ಕಾಲಿನ ಕಸುವಿನಷ್ಟೇ ತಂಡದ ಲೆಕ್ಕಾಚಾರವೂ ಬೇಕು. ಆ ಲೆಕ್ಕಾಚಾರ ಕೈಗೆ ಹತ್ತುವುದು ರೇಸಿನ ಮೇಲೆ ರೇಸು ಓಡಿಸಿದಾಗ.

ಕರ್ನಾಟಕದಲ್ಲಿ ಈ ಕ್ರೀಡೆ ಎರಡು ಬೇರುಗಳಿಂದ ಬೆಳೆದಿದೆ. ಒಂದು, ವಿಜಯಪುರದ ಬಯಲು. ಅಲ್ಲಿಯ ಸರ್ಕಾರಿ ಸೈಕ್ಲಿಂಗ್ ಹಾಸ್ಟೆಲ್‌ನಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ರೈತಮಕ್ಕಳು ತಯಾರಾಗಿ ರಾಷ್ಟ್ರೀಯ ಕೂಟಗಳಿಂದ ಪದಕ ತರುತ್ತಲೇ ಬಂದಿದ್ದಾರೆ. ಇನ್ನೊಂದು, ಬೆಂಗಳೂರಿನ ಕ್ಲಬ್ಬುಗಳು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾನ, ಕೆಲಸಕ್ಕೆ ಹೋಗುವ ಜನಕ್ಕೂ ಹಲವು ದಿನ ಬಿಡದೆ ಘಾಟಿ ಹತ್ತುವ ರುಚಿ ಹಚ್ಚಿತು. ಈ ಬೆಂಗಳೂರು ವಲಯದಿಂದಲೇ ನವೀನ್ ಜಾನ್ ಮುಂದೆ ಬಂದರು. ಅವರು ರೇಸು ಕಲಿತದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ; ಆಮೇಲೆ ಬೆಲ್ಜಿಯಂನ ಊರೂರ ರೇಸುಗಳಲ್ಲಿ ಪಳಗಿದರು. 2014ರಲ್ಲಿ, ಒಬ್ಬೊಬ್ಬರೇ ಓಡುವ ಟೈಮ್ ಟ್ರಯಲ್‌ನ ರಾಷ್ಟ್ರೀಯ ಚಾಂಪಿಯನ್, 2016ರಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧೆ, 2017ರಲ್ಲಿ ಆಸ್ಟ್ರೇಲಿಯಾದ ಕಾಂಟಿನೆಂಟಲ್ ದರ್ಜೆಯ ತಂಡದಲ್ಲಿ ಸ್ಥಾನ. ಈ ಸಾಧನೆ ನನಗೆ ಹೆಮ್ಮೆಯದು, ಜೊತೆಗೇ ಕಳವಳದ್ದು ಕೂಡ: ನಮ್ಮ ಅತ್ಯುತ್ತಮ ರಸ್ತೆ ಸೈಕ್ಲಿಸ್ಟ್ ಏರಿದ ಮೆಟ್ಟಿಲುಗಳಲ್ಲಿ ಹೆಚ್ಚಿನವು ಹೊರದೇಶದವು. ಹಾಸ್ಟೆಲ್‌ನ ಹುಡುಗ ಹುಡುಗಿಯರಿಗೆ ಅಂಥ ದಾರಿ ಎಲ್ಲಿಂದ ಬರಬೇಕು?

ಸೈಕಲ್ಲಿಗೇ ಲಕ್ಷಗಟ್ಟಲೆ ಬೇಕು, ಇದು ಉಳ್ಳವರ ಆಟ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ವಿಜಯಪುರದ ಮಕ್ಕಳು ಇಷ್ಟು ವರ್ಷ ಗೆದ್ದದ್ದು ಸಿರಿವಂತಿಕೆಯಿಂದಲ್ಲ. ಊಟ, ವಸತಿ, ತರಬೇತುದಾರ, ಸೈಕಲ್ ಒಂದೇ ಕಡೆ ಸಿಕ್ಕಿದ್ದರಿಂದ. ಅವರಿಗೆ ಕೊರತೆಯಿರುವುದು ಘಾಟಿಯ ಅನುಭವ ಮತ್ತು ಹೆಚ್ಚು ರೇಸುಗಳು. ಆ ಕೊರತೆಯನ್ನು ಬಿಸಿಲೆಯಂಥ ಘಾಟಿಯಲ್ಲಿ ನಡೆಸುವ ರೇಸು ನೀಗಿಸಬಲ್ಲದು. ಆದರೆ ಅದಕ್ಕೆ ಹಣದ ಆಕ್ಷೇಪಕ್ಕಿಂತ ಗಟ್ಟಿಯಾದ ಆಕ್ಷೇಪ ಕಾಡಿನದು. ಬಿಸಿಲೆ ಮೀಸಲು ಅರಣ್ಯ. ಸಕಲೇಶಪುರ, ಆಲೂರು ಕಡೆ ಆನೆ ಮತ್ತು ಮನುಷ್ಯರ ಸಂಘರ್ಷದಲ್ಲಿ ಜೀವಗಳೇ ಹೋಗಿವೆ. ಇಲ್ಲಿ ಧ್ವನಿವರ್ಧಕ, ವಾಹನಸಾಲು, ಜನಜಾತ್ರೆಯ ಗುಂಪು ರೇಸು ನಡೆಸುವುದನ್ನು ನಾನೂ ವಿರೋಧಿಸುತ್ತೇನೆ. ಅರಣ್ಯ ಇಲಾಖೆ ಒಪ್ಪಿದರೆ ಹಗಲು ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಡುವ ಸಣ್ಣ ಟೈಮ್ ಟ್ರಯಲ್ ನಡೆಸಬಹುದು. ಒಪ್ಪದಿದ್ದರೆ ಕಾಡಿನಾಚೆ, ಕಾಫಿ ತೋಟಗಳ ನಡುವಿನ ಏರುಗಳು ಹಾಸನ ಜಿಲ್ಲೆಯಲ್ಲೇ ಬೇಕಾದಷ್ಟಿವೆ.

ಕ್ರೀಡಾ ಇಲಾಖೆಯೂ ರಾಜ್ಯ ಸೈಕ್ಲಿಂಗ್ ಸಂಸ್ಥೆಯೂ ಕೂಡಿ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆಯಾದರೂ ಮಲೆನಾಡಿನಲ್ಲಿ ಇಂಥ ಸ್ಪರ್ಧೆ ಇಡಲಿ. ಅದರಲ್ಲಿ ವಿಜಯಪುರದ ಹಾಸ್ಟೆಲ್ ಮಕ್ಕಳ ಹೆಸರೂ ಬೆಂಗಳೂರಿನ ಕ್ಲಬ್ಬಿನವರ ಹೆಸರೂ ಒಂದೇ ಪಟ್ಟಿಯಲ್ಲಿರಲಿ, ಮಕ್ಕಳ ಪ್ರಯಾಣದ ಖರ್ಚನ್ನು ಸರ್ಕಾರವೇ ಭರಿಸಲಿ.