ಅಂಗುಳದ ಕ್ಯಾನ್ಸರ್: ಗಡ್ಡೆ ತೆಗೆದರೆ ಚಿಕಿತ್ಸೆ ಮುಗಿಯೋದಿಲ್ಲ

ಬಾಯಿ ಕ್ಯಾನ್ಸರ್ ಅಂದ ಕೂಡಲೇ ನೆನಪಾಗೋದು ತಂಬಾಕು, ಗುಟ್ಕಾ. ಆದರೆ ಇವನ್ನು ಮುಟ್ಟದವರಿಗೂ ಬರುವ ಒಂದು ಬಗೆ ಇದೆ. ನಮ್ಮ ಬಾಯಿ, ಗಂಟಲಿನ ಒಳಪದರದಲ್ಲಿ 600ರಿಂದ 1,000 ಕಿರು ಜೊಲ್ಲುಗ್ರಂಥಿಗಳಿವೆ. ಇವುಗಳಲ್ಲಿ ಹುಟ್ಟುವ ಗಡ್ಡೆಗಳು ಹೆಚ್ಚಾಗಿ ಕಾಣೋದು ಅಂಗುಳದಲ್ಲಿ. ಅವೆಲ್ಲ ಕ್ಯಾನ್ಸರ್ ಅಲ್ಲ, ಆದರೆ ದೊಡ್ಡ ಪಾಲು ಕ್ಯಾನ್ಸರ್ ಆಗಿರುತ್ತದೆ.

ಗುರುತಿಸೋದು ಹೇಗೆ?

ಶುರುವಿನಲ್ಲಿ ಬಹುತೇಕ ನೋವಿರೋದಿಲ್ಲ. ಅಂಗುಳದ ಒಂದು ಬದಿಯಲ್ಲಿ ಗಂಟು, ಅಷ್ಟೇ. ಕಟ್ಟಿಸಿದ ಹಲ್ಲಿನ ಸೆಟ್ ಕೂರದೇ ಹೋಗಬಹುದು. ಮರಗಟ್ಟಿದಂತಾದರೆ ನರಕ್ಕೆ ತಗುಲಿರುವ ಅನುಮಾನ. ಬಯಾಪ್ಸಿ ಮಾಡಿದರೇ ಖಚಿತ. ಎಷ್ಟು ಹರಡಿದೆ ಅಂತ ತಿಳಿಯಲು ಸಿಟಿ, ಎಂಆರ್‌ಐ ಸ್ಕ್ಯಾನ್ ಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಏನಾಗುತ್ತದೆ?

ಗಡ್ಡೆಯ ಜೊತೆ ಸುತ್ತಲಿನ ಆರೋಗ್ಯವಂತ ಅಂಚನ್ನೂ ತೆಗೆಯುತ್ತಾರೆ. ಮೂಳೆಗೆ ತಗುಲಿದ್ದರೆ ಮೇಲ್ದವಡೆಯ ಭಾಗವೂ ಹೋಗುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂಬ ಬಗೆ ನರಗಳ ಗುಂಟ ತೆವಳುತ್ತದೆ. ಹತ್ತು ವರ್ಷ ಕಳೆದ ಮೇಲೂ ಮರಳಬಹುದು. ಹಾಗಾಗಿ ಅಂಥವರಿಗೆ ಸಾಮಾನ್ಯವಾಗಿ ಸುಮಾರು ಆರು ವಾರ ರೇಡಿಯೇಷನ್ ಕೊಡುತ್ತಾರೆ. ಆಮೇಲೆ ವರ್ಷಗಟ್ಟಲೆ ತಪಾಸಣೆ ನಡೆಯಬೇಕು.

ತೂತು ಮುಚ್ಚೋದು ಯಾಕೆ ಮುಖ್ಯ?

ಅಂಗುಳ ಅಂದರೆ ಬಾಯಿಗೂ ಮೂಗಿಗೂ ನಡುವಿನ ಗೋಡೆ. ಅದು ತೂತಾದರೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ಗಾಳಿ ಮೂಗಿಗೆ ಸೋರಿ 'ಬಾ' ಅಂದದ್ದು 'ಮಾ' ಅಂತ ಕೇಳಿಸುತ್ತದೆ. ಅಂಗಡಿಯಲ್ಲಿ, ಕ್ಲಾಸಿನಲ್ಲಿ ಮಾತಾಡಿ ಬದುಕುವವರಿಗೆ ಇದು ಕೆಲಸದ ಪ್ರಶ್ನೆ.

ಇದಕ್ಕೆ ದಾರಿ ಎರಡು. ಒಂದು, ಅಬ್ಚುರೇಟರ್: ತೂತನ್ನು ಮುಚ್ಚುವ, ಹಲ್ಲಿನ ಸೆಟ್‌ನಂಥ ತೆಗೆದುಹಾಕುವ ಸಾಧನ. ಇದನ್ನು ತೆಗೆದು ಒಳಗೆ ನೋಡಬಹುದಾದ್ದರಿಂದ ಕ್ಯಾನ್ಸರ್ ಮರಳಿದೆಯೇ ಅಂತ ಪರೀಕ್ಷಿಸೋದು ಸುಲಭ. ಆದರೆ ದಿನಾ ತೊಳೆಯಬೇಕು, ಗಾಯ ಮಾಗುತ್ತಾ ಆಕಾರ ಬದಲಾದಂತೆ ಹೊಸದು ಮಾಡಿಸಬೇಕು. ಎರಡನೆಯದು, ದೇಹದ್ದೇ ಅಂಗಾಂಶ ತಂದು ಮುಚ್ಚೋದು. ತೂತು ಚಿಕ್ಕದಿದ್ದರೆ ಅಂಗುಳದ ಉಳಿದ ಭಾಗ ಅಥವಾ ಕೆನ್ನೆಯೊಳಗಿನ ಕೊಬ್ಬು ಸಾಕಾಗಬಹುದು. ದೊಡ್ಡದಾದರೆ ಮುಂಗೈಯ ಚರ್ಮ ಅಥವಾ ಕಾಲಿನ ಫಿಬುಲಾ ಮೂಳೆಯನ್ನು ರಕ್ತನಾಳ ಸಮೇತ ತಂದು ಜೋಡಿಸುತ್ತಾರೆ. ಇದಕ್ಕೆ ದೀರ್ಘ ಆಪರೇಷನ್, ನುರಿತ ತಂಡ ಬೇಕು.

ಯಾರಿಗೆ ಎಷ್ಟು ಸಿಗುತ್ತದೆ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ರೂ. ಆದರೆ ಆರು ವಾರ ಊರು ಬಿಟ್ಟು ನಗರದಲ್ಲಿ ಉಳಿಯುವ ಖರ್ಚು, ಹೋದ ಕೂಲಿ, ಅಬ್ಚುರೇಟರ್‌ಗಾಗಿ ಮತ್ತೆ ಮತ್ತೆ ಓಡಾಟ? ಈ ಭಾರ ಬೀಳೋದು ಮನೆಯವರ ಮೇಲೆ.

ಹಾಗಾಗಿ ಆಪರೇಷನ್‌ಗೆ ಮೊದಲೇ ಕೇಳಿ: ತೂತನ್ನು ಹೇಗೆ ಮುಚ್ಚುತ್ತೀರಿ? ಕೃತಕ ದಂತ ತಜ್ಞರು ತಂಡದಲ್ಲಿ ಇದ್ದಾರಾ? ಅಬ್ಚುರೇಟರ್, ಮಾತಿನ ತರಬೇತಿ ಯೋಜನೆಯಡಿ ಬರುತ್ತದಾ? ಜೀವ ಉಳಿಸುವ ಹೊಣೆ ಸರ್ಕಾರದ್ದು ಅಂತ ಒಪ್ಪಿದ ಮೇಲೆ, ಉಣ್ಣುವ, ಮಾತಾಡುವ ಶಕ್ತಿಯನ್ನು ಮರಳಿಸೋದೂ ಅದೇ ಹೊಣೆಯ ಭಾಗ.