ಕೆಲಸ ಹರಿಹರದಲ್ಲಿ, ಮನೆ ಎಲ್ಲಿ?

ಹೊಸದಾಗಿ ಕೆಲಸ ಸಿಕ್ಕು ನಮ್ಮ ಕಡೆ ಬರುವವರು ಕೇಳೋ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮನೆ ದಾವಣಗೆರೆಯಲ್ಲಿ ಮಾಡೋದೋ, ಹರಿಹರದಲ್ಲಿ ಮಾಡೋದೋ?" ಎರಡು ಊರಿನ ನಡುವೆ ಇರೋದು ಸುಮಾರು 14 ಕಿಲೋಮೀಟರ್. ಬಸ್ಸಿದೆ, ರೈಲಿದೆ, ಹೆದ್ದಾರಿ ಇದೆ. ಆದರೂ ಕೈಯಲ್ಲಿ ಇರೋ ದುಡ್ಡು ಲೆಕ್ಕದ್ದಾದಾಗ ಈ 14 ಕಿಲೋಮೀಟರ್ ಬಹಳ ದೊಡ್ಡದಾಗಿ ಕಾಣುತ್ತೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಬರುತ್ತಾ, ಮಕ್ಕಳ ಶಾಲೆ ಎಲ್ಲಿ ಅಂತ ತಲೆ ಬಿಸಿಯಾಗುತ್ತೆ.

ಈ ತಲೆಬಿಸಿ ಇವತ್ತಿನದಲ್ಲ. ನೋಡಿದರೆ ಈ ಎರಡೂ ಊರು ಬೆಳೆದಿದ್ದೇ ಹೊರಗಿನಿಂದ ದುಡಿಯೋಕೆ ಬಂದವರಿಂದ. ಅವರು ಎಲ್ಲಿ ಚಾಪೆ ಹಾಸಿದರು, ಯಾಕೆ ಅಲ್ಲೇ ಹಾಸಿದರು ಅಂತ ಹುಡುಕಿದರೆ ನಮಗೂ ಒಂದಿಷ್ಟು ಬುದ್ಧಿ ಸಿಗುತ್ತೆ.

ಹರಿಹರ ಹಳೇ ಊರು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದ. ತುಂಗಭದ್ರೆಯ ದಡ, ದೇವರು, ಜಾತ್ರೆ, ನದಿ ದಾಟುವವರು ಎಲ್ಲ ಇದ್ದರು. ದಾವಣಗೆರೆಗೆ ಅಂಥ ಹೆಸರಿರಲಿಲ್ಲ. ಅದು ಪೇಟೆಯಾಗಿದ್ದು ಹದಿನೆಂಟನೇ ಶತಮಾನದಲ್ಲಿ. ಹೈದರಾಲಿ ಈ ಊರನ್ನು ಅಪ್ಪಾಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಅಪ್ಪಾಜಿರಾಮ ವ್ಯಾಪಾರಸ್ಥರನ್ನು ಕರೆಕರೆದು ಇಲ್ಲಿ ನೆಲೆ ಮಾಡಿಸಿದ. ಅವನು ವಾರಸುದಾರರಿಲ್ಲದೆ ತೀರಿಕೊಂಡ ಮೇಲೂ, ಟಿಪ್ಪುವಿನ ಕಾಲದಲ್ಲಿ ಆ ಉತ್ತೇಜನ ಮುಂದುವರಿಯಿತು. ಹರಿಹರಕ್ಕೆ ಜನ ದೇವರ ದರ್ಶನಕ್ಕೆ ಬಂದು ಹೋಗುತ್ತಿದ್ದರು. ದಾವಣಗೆರೆಗೆ ಬಂದವರು ಅಲ್ಲೇ ಅಂಗಡಿ ಹಾಕಿ ಕೂತರು. ಚೌಕಿಪೇಟೆ, ಮಂಡಿಪೇಟೆ ಅನ್ನೋ ಹೆಸರುಗಳಲ್ಲೇ ಆ ವ್ಯಾಪಾರದ ನೆನಪಿದೆ.

ಆಮೇಲೆ ರೈಲು ಬಂತು. ಸುತ್ತಲಿನ ಹತ್ತಿ ದಾವಣಗೆರೆಯ ಮಂಡಿಗೆ ಬಂದು ಬೀಳೋದು ಇನ್ನೂ ಸಲೀಸಾಯಿತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಶುರುವಾಯಿತು. ಬರಬರುತ್ತಾ ಇನ್ನಷ್ಟು ಮಿಲ್ಲುಗಳು ಎದ್ದವು. ಊರಿಗೆ "ಕರ್ನಾಟಕದ ಮ್ಯಾಂಚೆಸ್ಟರ್" ಅನ್ನೋ ಬಿರುದೂ ಬಂತು.

ಮಿಲ್ಲಿಗೆ ದುಡಿಯೋಕೆ ಬಂದವನ ಲೆಕ್ಕ ಸರಳ. ಪಾಳಿ ಕೆಲಸ. ರಾತ್ರಿ ಪಾಳಿ ಮುಗಿದಾಗ ಬಸ್ಸಿರಲ್ಲ, ಟಾಂಗಾ ಹತ್ತೋಕೆ ದುಡ್ಡಿರಲ್ಲ. ಹಾಗಾಗಿ ನಡೆದು ಹೋಗೋ ದೂರದಲ್ಲೇ ಮನೆ ಇರಬೇಕು. ಮನೆ ಅಂದರೆ ವಠಾರದಲ್ಲಿ ಒಂದು ಕೋಣೆ, ನಾಲ್ಕಾರು ಸಂಸಾರಕ್ಕೆ ಒಂದು ನಲ್ಲಿ. ಒಂಟಿಯಾಗಿ ಬಂದವರಿಗೆ ಖಾನಾವಳಿ. ಹೊಟ್ಟೆ ತುಂಬಿಸೋಕೆ ಮಂಡಕ್ಕಿ, ಮೆಣಸಿನಕಾಯಿ. ಇವತ್ತು ನಾವು ಬಾಯಿ ಚಪ್ಪರಿಸುವ ಬೆಣ್ಣೆ ದೋಸೆಯೂ ವಲಸೆಯದೇ ಕಥೆ: 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ತಾಯಿ ಹೊಟ್ಟೆಪಾಡಿಗೆ ದೋಸೆ ಹುಯ್ಯೋಕೆ ಶುರು ಮಾಡಿದಳು ಅಂತ ಊರಲ್ಲಿ ಹೇಳ್ತಾರೆ. ಆಕೆಗೆ ಬೇಕಿದ್ದದ್ದೂ ಅದೇ. ಬಾಡಿಗೆ ಕಮ್ಮಿ ಇರೋ ಜಾಗ, ಸುತ್ತ ದುಡಿದು ಹಸಿದ ಜನ.

ಇನ್ನು ಹರಿಹರಕ್ಕೆ ಬರೋಣ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲೇತ್ ಮಷಿನ್ನುಗಳು ಇಲ್ಲಿಂದ ದೇಶದ ವರ್ಕ್‌ಶಾಪುಗಳಿಗೆ ಹೋದವು. ಈ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ತಾವೇ ಒಂದು ಕಾಲದಲ್ಲಿ ಜಾಗಕ್ಕಾಗಿ ಅಲೆದವರು. ಬೆಳಗಾವಿಯಲ್ಲಿ ಹೊಸ ಬಡಾವಣೆ ಬರುತ್ತೆ ಅಂತ ಅವರ ಕಾರ್ಖಾನೆಯನ್ನು ಎಬ್ಬಿಸಿದರು. ಔಂಧ್ ಸಂಸ್ಥಾನದ ರಾಜರು ಬಂಜರು ಜಮೀನು ಕೊಟ್ಟು, 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಕಾರ್ಖಾನೆ ಜೊತೆಗೇ ಕೆಲಸಗಾರರ ಮನೆಗಳನ್ನೂ ಕಟ್ಟಿ ಊರು ಮಾಡಿದರು. ಹರಿಹರದಲ್ಲೂ ಕಾರ್ಖಾನೆಯ ಜಾಗಕ್ಕೆ ತನ್ನದೇ ಹೆಸರು, ತನ್ನದೇ ಅಂಚೆ ವಿಳಾಸ ಬಂತು: ಯಂತ್ರಾಪುರ.

ವಠಾರದ ಕೋಣೆಯಲ್ಲಿ ಇದ್ದವನಿಗೆ ಕಂಪನಿ ಕ್ವಾರ್ಟರ್ಸ್ ಅಂದರೆ ಏನು ಅಂತ ಯೋಚಿಸಿ. ಬಾಡಿಗೆಗೆ ಮನೆ ಮನೆ ಬಾಗಿಲು ತಟ್ಟೋದಿಲ್ಲ. "ನೀವ್ಯಾವ ಜನ?" ಅಂತ ಕೇಳೋ ಮನೆ ಮಾಲೀಕ ಇಲ್ಲ. ಸೈಕಲ್ ತುಳಿದರೆ ಕೆಲಸದ ಜಾಗ. 1972ರಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ತಮಾಷೆ ನೋಡಿ, ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದು. 1956ಕ್ಕೆ ಮೊದಲು ಇದೇ ಹೊಳೆ ಮೈಸೂರಿಗೂ ಮುಂಬಯಿ ರಾಜ್ಯಕ್ಕೂ ಗಡಿಯಾಗಿತ್ತು. ಈಗ ಅದೇ ಸೇತುವೆ ಮೇಲೆ ಒಂದು ಜಿಲ್ಲೆಯಲ್ಲಿ ಮಲಗಿ ಇನ್ನೊಂದು ಜಿಲ್ಲೆಯಲ್ಲಿ ದುಡಿಯೋರು ಓಡಾಡುತ್ತಾರೆ. ಆ ಕಾರ್ಖಾನೆ ಹೊಳೆಗೆ ಬಿಡುತ್ತಿದ್ದ ನೀರಿನ ವಿರುದ್ಧ 1980ರ ದಶಕದಲ್ಲಿ ಕೆಳದಂಡೆಯ ಹಳ್ಳಿಗಳವರು, ಸಮಾಜ ಪರಿವರ್ತನ ಸಮುದಾಯದವರು ಹೋರಾಡಿದರು. ಮನೆ ಎಲ್ಲಿ ಮಾಡಬೇಕು ಅನ್ನೋ ಲೆಕ್ಕಕ್ಕೆ ನೀರು, ಗಾಳಿಯೂ ಸೇರಿಕೊಂಡಿದ್ದು ಹೀಗೆ.

ಕ್ವಾರ್ಟರ್ಸಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಶಿಕಾಗೊ ಪಕ್ಕ ರೈಲು ಬೋಗಿ ಮಾಡುವ ಪುಲ್‌ಮನ್ ಕಂಪನಿ 1880ರ ದಶಕದಲ್ಲಿ ಕೆಲಸಗಾರರಿಗೆ ಅಂತ ಚೆಂದದ ಊರು ಕಟ್ಟಿತು. ವ್ಯಾಪಾರ ಬಿದ್ದಾಗ ಸಂಬಳ ಕಡಿಮೆ ಮಾಡಿತು, ಬಾಡಿಗೆ ಮಾತ್ರ ಇಳಿಸಲಿಲ್ಲ. ಕೆಲಸ ಕೊಡುವವನೂ ಅವನೇ, ಮನೆ ಮಾಲೀಕನೂ ಅವನೇ, ಎಲ್ಲಿಗೆ ಹೋಗೋದು? 1894ರಲ್ಲಿ ದೊಡ್ಡ ಮುಷ್ಕರವೇ ಆಯಿತು. ಹರಿಹರದಲ್ಲಿ ಹಾಗಾಯಿತು ಅಂತ ನಾನು ಹೇಳ್ತಿಲ್ಲ. ಆದರೆ ಕೆಲಸ ಮತ್ತು ಸೂರು ಒಂದೇ ಕೈಯಲ್ಲಿದ್ದರೆ, ಆ ಕೈ ಸೋತ ದಿನ ಎರಡೂ ಅಲುಗಾಡುತ್ತವೆ. ಈ ಶತಮಾನ ಶುರುವಾಗುವ ಹೊತ್ತಿಗೆ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಲೇತ್ ಮೇಲೆ ಕೂದಲೆಳೆಯಷ್ಟು ಅಳತೆ ಹಿಡಿಯುತ್ತಿದ್ದ ಕೈಗಳಿಗೆ ಆ ಊರಲ್ಲಿ ಅಂಥದೇ ಇನ್ನೊಂದು ಕಾರ್ಖಾನೆ ಇರಲಿಲ್ಲ.

ಹಂಗಂತ ದಾವಣಗೆರೆ ಬಚಾವಾಯಿತೇ? ಇಲ್ಲ. ಅಲ್ಲೂ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಮಿಲ್ ಕಾರ್ಮಿಕರ ನಾಯಕ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದ ಊರದು. ಅಷ್ಟು ಗಟ್ಟಿ ಸಂಘಟನೆ ಇದ್ದೂ ಮಿಲ್ಲು ಉಳಿಯಲಿಲ್ಲ. ಆದರೆ ಒಂದು ವ್ಯತ್ಯಾಸ ಇತ್ತು. ದಾವಣಗೆರೆ ಒಂದೇ ಕಂಬದ ಮೇಲೆ ನಿಂತಿರಲಿಲ್ಲ. ಭದ್ರಾ ನಾಲೆ ನೀರು ಬಂದ ಮೇಲೆ ಸುತ್ತ ಭತ್ತ ಬಂತು, ಅಕ್ಕಿ ಗಿರಣಿ ಬಂದವು. ಮಂಡಿಯಲ್ಲಿ ಹಮಾಲಿ ಕೆಲಸ ಇತ್ತು, ಮಂಡಕ್ಕಿ ಭಟ್ಟಿಗಳಿದ್ದವು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಜೊತೆಗೆ ಚಿಗಟೇರಿ ಆಸ್ಪತ್ರೆ. 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳೂ ಸೇರಿದವು. ಮಿಲ್ಲು ಬಿಟ್ಟವನ ಸಂಬಳ ಇಳಿಯಿತು, ನಿಜ; ಅದು ಸಣ್ಣ ನೋವಲ್ಲ. ಆದರೆ ಮನೆ ಬದಲಾಯಿಸದೆ ಅವನು ಬೇರೆ ಕೆಲಸ ಹುಡುಕಬಹುದಿತ್ತು. ಹೆಂಡತಿ, ಮಗಳಿಗೂ ಏನೋ ಒಂದು ಕೆಲಸ ಸಿಗಬಹುದಿತ್ತು.

ಈಗ ಇವತ್ತಿನ ಲೆಕ್ಕ. ಹರಿಹರದಲ್ಲಿ ಕೆಲಸ, ದಾವಣಗೆರೆಯ ಮನೆ ಬಾಡಿಗೆ 2,000 ರೂಪಾಯಿ ಜಾಸ್ತಿ ಅಂತ ಇಟ್ಟುಕೊಳ್ಳಿ. ಹೋಗಿಬರೋಕೆ ದಿನಕ್ಕೆ 60 ರೂಪಾಯಿ ಅಂದರೂ 26 ದಿನಕ್ಕೆ 1,560. ಅಲ್ಲಿಗೆ ತಿಂಗಳಿಗೆ 3,560 ರೂಪಾಯಿ ಹೆಚ್ಚು. ಒಬ್ಬರೇ ಇರೋರು, ಕೆಲಸ ಗಟ್ಟಿ ಇರೋರು ಆ ದುಡ್ಡು ಯಾಕೆ ಕಳೀಬೇಕು? ಹರಿಹರವೇ ಸೈ, ಹೊಳೆ ಗಾಳಿ ಬೇರೆ. ಆದರೆ ಮನೆಯಲ್ಲಿ ಇನ್ನೊಬ್ಬರು ದುಡಿಯೋರಿದ್ದರೆ, ಓದೋ ಮಕ್ಕಳಿದ್ದರೆ, ಪದೇ ಪದೇ ಆಸ್ಪತ್ರೆಗೆ ಹೋಗಬೇಕಾದ ವಯಸ್ಸಾದವರಿದ್ದರೆ ಅದೇ 3,560 ದಾವಣಗೆರೆಯಲ್ಲಿ ವಸೂಲಾಗಬಹುದು. ಕೆಲಸ ಕಾಂಟ್ರಾಕ್ಟಿನದಾದರೆ ಇನ್ನೂ ಯೋಚಿಸಬೇಕು.

ಅದಕ್ಕೇ ಮನೆ ನೋಡೋಕೆ ಹೋಗುವವರಿಗೆ ನಾನು ಹೇಳೋದು: ಬಾಡಿಗೆ ಕೇಳೋ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ನಾಳೆ ಹೋದರೆ, ಇದೇ ಮನೆಯಿಂದ ನಡೆದೋ ಬಸ್ಸು ಹತ್ತಿಯೋ ಇನ್ನೆಷ್ಟು ಕೆಲಸದ ಬಾಗಿಲು ತಟ್ಟಬಹುದು? ಎಣಿಸಿ. ಆಮೇಲೆ ಅಡ್ವಾನ್ಸ್ ಕೊಡಿ.