ಲಿಪಿಯ ಅಭ್ಯಾಸ ಮತ್ತು ತಗಡೂರಿನ ತಾಮ್ರಶಾಸನ

ಜಪಾನಿನ ವಿದ್ಯಾರ್ಥಿಯು ಚೀನೀ ಮೂಲದ ಕಾಂಜಿ ಅಕ್ಷರಗಳನ್ನು ಗೆರೆಗಳ ಕ್ರಮಸಹಿತ ಬರೆದು ಬರೆದು ಕರಗತ ಮಾಡಿಕೊಳ್ಳಬೇಕು. ನಿತ್ಯವ್ಯವಹಾರಕ್ಕೆಂದು 2010ರಲ್ಲಿ ಗೊತ್ತುಪಡಿಸಿದವೇ 2,136. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಶಾಸನಗಳನ್ನು ಓದಹೊರಟವನಿಗೂ ಇಂಥದೇ ಶ್ರಮವುಂಟು. ಇಲ್ಲಿ ಅಕ್ಷರಗಳು ಅಲ್ಪ, ಆದರೆ ಕಾಲಕಾಲಕ್ಕೆ ಅವುಗಳ ರೂಪ ಬೇರೆ. ತಲಕಾಡಿನಲ್ಲಂತೂ ಚೋಳರ ಆಳಿಕೆಯ ತಮಿಳು, ಗ್ರಂಥಾಕ್ಷರಗಳೂ ಎದುರಾಗುತ್ತವೆ.

ಈ ಅಭ್ಯಾಸದಿಂದ ಇತಿಹಾಸಕ್ಕೇನು ಪ್ರಯೋಜನವೆಂಬುದನ್ನು ನಂಜನಗೂಡು ತಾಲ್ಲೂಕಿನ ತಗಡೂರಿನ ತಾಮ್ರಶಾಸನದಲ್ಲಿ ಕಾಣಬಹುದು. ಗಂಗ ಹರಿವರ್ಮನ ಹೆಸರಿನ ಈ ಶಾಸನವು ಕ್ರಿ.ಶ. ಮೂರನೆಯ ಶತಮಾನಕ್ಕೆ ಸಲ್ಲುವ ಶಕವರ್ಷವನ್ನು ಹೇಳುತ್ತದೆ. 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು ಹೊರತಂದ ಬಿ. ಎಲ್. ರೈಸ್ ಅವರು ಇಂತಹ ತೇದಿಗಳ ಮೇಲೆಯೇ ಗಂಗರ ಆದಿಕಾಲವನ್ನು ನಿಲ್ಲಿಸಿದರು. ಜೆ. ಎಫ್. ಫ್ಲೀಟ್ ಒಪ್ಪಲಿಲ್ಲ. ಖಕಾರ, ಬಕಾರಗಳ ಈಚಿನ ದುಂಡು ರೂಪ ಒಂಬತ್ತನೆಯ ಶತಮಾನದ ಸುಮಾರಿಗೆ ಬಂದುದೆಂದೂ, ಅದಕ್ಕೆ ಹಿಂದಿನ ತೇದಿಯುಳ್ಳ ಪಟಗಳಲ್ಲಿ ಅದು ತೋರಿದರೆ ಅವು ಕೂಟಶಾಸನಗಳೆಂದೂ ವಾದಿಸಿದರು.

ಫ್ಲೀಟರ ಗಡುವು ತುಸು ಬಿಗಿಯಾಯಿತು. ಲೇಖನಿಗೆ ರೂಢವಾದ ರೂಪವು ಶಾಸನಕ್ಕೆ ತಡವಾಗಿ ಇಳಿದಿರಬಹುದು. ಆದರೂ ಪರೀಕ್ಷೆಯ ತತ್ವ ಗಟ್ಟಿಯಾದುದು. ಕೂಟಕಾರನು ಹಳೆಯ ಅರಸನ ಹೆಸರನ್ನು ಕೇಳಿ ತಿಳಿದಾನು, ಶಕವರ್ಷವನ್ನು ಎಣಿಸಿಯಾನು. ಬಾಲ್ಯದಲ್ಲಿ ತಿದ್ದಿ ತಿದ್ದಿ ಕೈಗೆ ಹತ್ತಿದ ತನ್ನ ಕಾಲದ ಬಕಾರವನ್ನು ಮರೆಯುವುದು ದುಸ್ಸಾಧ್ಯ. ಮುದ್ರಿತ ಪಾಠವನ್ನಷ್ಟೇ ಓದುವ ನಮ್ಮ ವಿದ್ಯಾರ್ಥಿಗೆ ಈ ಸುಳಿವು ದಕ್ಕದು, ಏಕೆಂದರೆ ಅಚ್ಚಿನಲ್ಲಿ ಎಲ್ಲ ಕಾಲದ ಬಕಾರವೂ ಒಂದೇ. ಪಡಿಯಚ್ಚನ್ನು ಮುಂದಿಟ್ಟುಕೊಂಡು ಕೈಯಾರೆ ಬರೆದಾಗಲೇ ಗೆರೆ ಎಲ್ಲಿ ಮೊದಲಾಗಿ ಎಲ್ಲಿ ತಿರುಗಿತೆಂಬುದು ಗೋಚರವಾಗುತ್ತದೆ.

ಗಂಗರ ಆರಂಭವನ್ನು ಇಂದು ಸಾಮಾನ್ಯವಾಗಿ ಕ್ರಿ.ಶ. 350ರ ಸುಮಾರಿಗೆ ಇಡುತ್ತಾರೆ. ತಗಡೂರಿನ ತೇದಿಗೆ ಆ ಗಣನೆಯಲ್ಲಿ ಎಡೆಯಿಲ್ಲ.